ಪರದೆಯ ಅಂಚಿನ ಅರವತ್ತಮೂರು ಹೊಲಿಗೆ

ಬೆಳಗಿನ ಐದೂವರೆ ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಯಂತ್ರಗಳು ಒಂದೊಂದಾಗಿ ಸುಮ್ಮನಾಗುತ್ತಿವೆ. ಚಕ್ರದ ಗಾಡಿಯಲ್ಲಿ ಬಂದ ಬೆಡ್‌ಶೀಟುಗಳ ರಾಶಿ ಇನ್ನೂ ಬಿಸಿಯಾಗಿದೆ. ರಾಶಿಯ ಹಿಂದೆ ನಿಂತಿರುವ ಹೆಂಗಸು ಕಾಣಿಸಬೇಕಾದರೆ ನಾವೇ ಸ್ವಲ್ಪ ಪಕ್ಕಕ್ಕೆ ಸರಿಯಬೇಕು, ಆಕೆಯ ಎತ್ತರ ಅಷ್ಟಕ್ಕಷ್ಟೇ. ಅದಕ್ಕೆಂದೇ ಮರದ ಮಣೆಯೊಂದರ ಮೇಲೆ ನಿಂತು ಕೆಲಸ ಮಾಡುತ್ತಾರೆ. ಎದುರಿಗೆ ಉದ್ದನೆಯ ಗಾಜಿನ ಮೇಜು, ಗಾಜಿನ ಕೆಳಗೆ ದೀಪ. ಬೆಡ್‌ಶೀಟನ್ನು ಕೊಡವಿ ಹರಡುತ್ತಾರೆ, ಅಂಗೈಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಓಡಿಸುತ್ತಾರೆ. ಬೆಳಕು ಎಲ್ಲಿ ತುಸು ಹೆಚ್ಚಾಗಿ ತೂರಿ ಬರುತ್ತದೋ ಅಲ್ಲಿ ಕೈ ತಾನಾಗಿಯೇ ನಿಲ್ಲುತ್ತದೆ.

"ಹರಿದಿರೋದನ್ನ ಯಾರು ಬೇಕಾದ್ರೂ ನೋಡ್ತಾರೆ. ಹರಿಯೋಕೆ ಹೊರಟಿರೋದನ್ನ ನೋಡ್ಬೇಕು. ಅದಕ್ಕೇ ನನಗೆ ಸಂಬಳ ಕೊಡೋದು," ಎನ್ನುತ್ತಾ ಆ ಜಾಗದಲ್ಲಿ ಕೆಂಪು ದಾರದ ಒಂದೇ ಒಂದು ಹೊಲಿಗೆ ಹಾಕಿ ಬಟ್ಟೆಯನ್ನು ಎಡಗಡೆಗೆ ತಳ್ಳುತ್ತಾರೆ. ಕೆಂಪು ಹೊಲಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ರಿಪೇರಿಯಾಗಬೇಕು. ಬೀಳದ್ದು ಬಲಗಡೆಗೆ ಹೋಗಿ ಇಸ್ತ್ರಿಯಾಗಿ ವಾರ್ಡು ಸೇರುತ್ತದೆ. ಆಸ್ಪತ್ರೆಯವರೆಲ್ಲ ಇವರನ್ನು ಸೂಜಿಯಕ್ಕ ಎಂದೇ ಕರೆಯುತ್ತಾರೆ. ದೊಡ್ಡ ಡಾಕ್ಟರು ಕೂಡ ಅಂಗಿಯ ಗುಂಡಿ ಕಿತ್ತುಬಂದಾಗ ನೆಲಮಾಳಿಗೆಗೆ ಇಳಿದು, "ಸೂಜಿಯಕ್ಕ, ಒಂದು ನಿಮಿಷ" ಎಂದು ಹಲ್ಲು ಗಿಂಜುತ್ತಾ ನಿಲ್ಲುತ್ತಾರೆ.

ಹತ್ತೊಂಬತ್ತು ವರ್ಷದಿಂದ ಇದೇ ಮೇಜು. ದಿನಕ್ಕೆ ಮುನ್ನೂರ ನಲವತ್ತು ಬೆಡ್‌ಶೀಟು, ಅದರ ಅರ್ಧದಷ್ಟು ದಿಂಬಿನ ಚೀಲ, ಲೆಕ್ಕವಿಲ್ಲದಷ್ಟು ಹಸಿರು ಅಂಗಿ. ಇವುಗಳಲ್ಲಿ ಮೂವತ್ತು ನಲವತ್ತಕ್ಕೆ ಕೆಂಪು ಹೊಲಿಗೆ ಬೀಳುತ್ತದೆ. ಯಾವ ವಾರ್ಡಿನ ಬಟ್ಟೆ ಹೇಗೆ ಸವೆಯುತ್ತದೆ ಎಂಬುದು ಇವರಿಗೆ ಬಾಯಿಪಾಠ. ಹೆರಿಗೆ ವಾರ್ಡಿನದು ಅಂಚಿನಲ್ಲಿ ಹಿಂಜುತ್ತದೆ, ತಾಯಂದಿರು ಮುಷ್ಟಿಯಲ್ಲಿ ಹಿಡಿದೆಳೆಯುವುದರಿಂದ. ಮೂಳೆ ವಾರ್ಡಿನದು ಹಿಮ್ಮಡಿ ಉಜ್ಜುವ ಕಡೆ ತೆಳ್ಳಗಾಗುತ್ತದೆ. ಮೂರನೇ ಮಹಡಿಯ ಮನೋರೋಗ ವಾರ್ಡಿನದು ನಡುವಿನಲ್ಲಿ, ಒಂದೇ ಮಗ್ಗುಲಿನಲ್ಲಿ ಸವೆಯುತ್ತದೆ. "ಅಲ್ಲಿಯವರು ಗೋಡೆ ಕಡೆ ತಿರುಗಿ ಮಲಗಿದ್ರೆ ಹೊರಳೋದೇ ಇಲ್ಲ," ಎನ್ನುತ್ತಾರೆ. ಈ ಮಾತು ಹೇಳುವಾಗ ಇವರ ಕೈ ಕೆಲಸ ನಿಲ್ಲಿಸುತ್ತದೆ.

ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಯುತ್ತದೆ. ಮನೆಯಲ್ಲಿ ಇನ್ನೊಂದು ಕೆಲಸ ಕಾದಿರುತ್ತದೆ. ಅದಕ್ಕೆ ರಜೆಯಿಲ್ಲ, ಅದನ್ನು ಯಾರೂ ಕಲಿಸಿಕೊಡಲಿಲ್ಲ. ಆ ಕೆಲಸದಲ್ಲಿ ತಾವು ಎಡವಿದ್ದೇ ಹೆಚ್ಚು ಎಂದು ಸೂಜಿಯಕ್ಕ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ಅವರ ಗಂಡನಿಗೆ ಬೈಪೋಲಾರ್ ಕಾಯಿಲೆ ಇದೆ.

ಗಂಡ ಟೈಲ್ಸ್ ಹಾಕುವ ಮೇಸ್ತ್ರಿ. ಬೆಳಗ್ಗೆ ಹಾಕಿದ ನೆಲದ ಮೇಲೆ ಮಧ್ಯಾಹ್ನ ಗೋಲಿ ಇಟ್ಟರೆ ಅದು ಅಲುಗಾಡಬಾರದು, ಅಂಥ ಕೈ. ಮದುವೆಯಾದ ಹೊಸತರಲ್ಲಿ ಬಲು ಮಾತಿನ ಮಲ್ಲ. ಊಟಕ್ಕೆ ಕುಳಿತಾಗ ಮನೆ ಮಾಲೀಕರನ್ನೆಲ್ಲ ಅಣಕಿಸಿ ಹೆಂಡತಿಯ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದರು. "ನನ್ನಮ್ಮ ಕೇಳಿದ್ರು, ಹುಡುಗನಲ್ಲಿ ಏನು ನೋಡಿ ಒಪ್ಕೊಂಡೆ ಅಂತ. ನಗಿಸ್ತಾರೆ ಅಂದೆ. ಬೇರೆ ಏನೂ ಹೊಳೀಲಿಲ್ಲ," ಎಂದು ಸೂಜಿಯಕ್ಕ ನೆನೆಯುತ್ತಾರೆ.

ಮಗಳಿಗೆ ಏಳು ವರ್ಷವಾಗಿದ್ದಾಗ ಮೇಸ್ತ್ರಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಹುರುಪು ಬಂತು. ಎರಡು ಗಂಟೆ ನಿದ್ದೆ ಮಾಡಿ ಎದ್ದರೂ ದಣಿವಿಲ್ಲ. ಒಂದೇ ಸಲಕ್ಕೆ ಐದು ಮನೆಗಳ ಕೆಲಸ ಒಪ್ಪಿಕೊಂಡರು. ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡಿದರು. ಮಾತಿಗೆ ಶುರುವಿಟ್ಟರೆ ಎದುರಿನವರು ಬಾಯಿ ತೆರೆಯಲು ಎಡೆಯಿಲ್ಲ. ಒಂದು ಬೆಳಗ್ಗೆ ಸ್ವಂತ ಅಡುಗೆಮನೆಯ ಗಟ್ಟಿಮುಟ್ಟಾದ ನೆಲವನ್ನು ಸುತ್ತಿಗೆಯಿಂದ ಒಡೆದು, ಊರಿಗೇ ಮಾದರಿಯಾಗುವ ನೆಲ ಮಾಡಿಕೊಡುತ್ತೇನೆ ಎಂದರು. ನೀಲಿ, ಹಳದಿ, ಕಪ್ಪು ಚೂರುಗಳನ್ನು ಜೋಡಿಸುತ್ತಾ ಮೂರು ದಿನ ಮೇಲೇಳಲಿಲ್ಲ.

ಆಗ ಸೂಜಿಯಕ್ಕ ಏನು ಮಾಡಿದರು? ಹೆಮ್ಮೆಪಟ್ಟರು. ಇವತ್ತಿಗೂ ಅವರನ್ನು ಕೊರೆಯುವ ಮೊದಲ ಸಂಗತಿ ಇದು. ನಮ್ಮನೆಯವರು ಆರು ಜನರ ಕೆಲಸ ಒಬ್ಬರೇ ಮಾಡುತ್ತಾರೆ ಎಂದು ಬಟ್ಟೆ ಕೋಣೆಯಲ್ಲಿ ಸಾರಿದರು. ನೆಂಟರನ್ನು ಕರೆದು ಅರ್ಧ ಮುಗಿದ ನೆಲ ತೋರಿಸಿದರು. "ಅವರ ಕಣ್ಣು ಕೆಂಪಗಿತ್ತು, ಕೈ ನಡುಗ್ತಿತ್ತು. ಕಂಡಿತ್ತು ನನಗೆ. ಬಟ್ಟೆ ಸವೆದಿದ್ರೆ ಕತ್ತಲಲ್ಲೂ ಹೇಳೋಳು ನಾನು. ಆದ್ರೆ ಮನೇಲಿ ಅಷ್ಟು ಸಂತೋಷ ಇತ್ತಲ್ಲ, ನೋಡೋಕೆ ಮನಸ್ಸಾಗ್ಲಿಲ್ಲ."

ನಾಲ್ಕನೇ ವಾರ ಮೇಸ್ತ್ರಿ ಹಾಸಿಗೆ ಹಿಡಿದರು. ಜ್ವರವಿಲ್ಲ, ನೋವಿಲ್ಲ, ಗೋಡೆಯತ್ತ ಮುಖ ಮಾಡಿ ಮಲಗಿದವರು ಏಳಲೊಲ್ಲರು. ಐದು ಮನೆಯವರೂ ಬಾಗಿಲಿಗೆ ಬಂದು ಕೂಗಾಡಿ ಹೋದರು. ಅಡುಗೆಮನೆಯ ನೆಲ ಅರ್ಧ ಚಿತ್ತಾರ, ಅರ್ಧ ಮಣ್ಣು. ಸೋಮಾರಿ ಎಂದು ಅತ್ತೆ ಬೈದರು. ಭಾವ ಬಂದು ಧೈರ್ಯ ತಂದುಕೋ ಎಂದು ಬೆನ್ನು ತಟ್ಟಿದರು. ಸೂಜಿಯಕ್ಕನೂ ಬಾಯಿಗೆ ಬಂದಂತೆ ಅಂದರು. ಒಂದು ಸಂಜೆ ಮೇಸ್ತ್ರಿ ಗೋಡೆಯ ಕಡೆಗೇ ಮುಖವಿಟ್ಟು, "ಇವಳೇ, ಏಳೋಕೆ ಆಗ್ತಿಲ್ಲ ನಂಗೆ. ಏಳಬಾರ್ದು ಅಂತ ಅಲ್ಲ," ಎಂದರು. "ಆ ಮಾತು ಆವತ್ತು ನನಗೆ ನೆಪದ ಹಾಗೆ ಕೇಳಿಸ್ತು," ಎನ್ನುತ್ತಾರೆ ಸೂಜಿಯಕ್ಕ.

ತಮಾಷೆಯೆಂದರೆ, ಹಾಗೆನ್ನಲು ಬಾಯಿ ಬರುವುದಿಲ್ಲ, ಅವರು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯಲ್ಲೇ. ಮೂರನೇ ಮಹಡಿಗೆ ಲಿಫ್ಟಿನಲ್ಲಿ ಒಂದು ನಿಮಿಷ. ಒಂದೇ ಮಗ್ಗುಲಿನಲ್ಲಿ ಸವೆದ ಬೆಡ್‌ಶೀಟುಗಳು ದಿನಾ ಮೇಜಿಗೆ ಬರುತ್ತಿದ್ದವು. ಆದರೂ ಗಂಡನನ್ನು ಆ ಮಹಡಿಗೆ ಕರೆದೊಯ್ಯಲು ಹದಿನಾಲ್ಕು ತಿಂಗಳು ಬೇಕಾಯಿತು. ಜೊತೆ ಕೆಲಸದವರು ನೋಡಿದರೆ ಏನೆಂದಾರು ಎಂಬ ಅಂಜಿಕೆ. "ನೆಲಮಾಳಿಗೆಯಿಂದ ಮೂರನೇ ಮಹಡಿಗೆ ಅಷ್ಟು ದೂರ ಅಂತ ನನಗೆ ಗೊತ್ತಿರ್ಲಿಲ್ಲ," ಎನ್ನುತ್ತಾರೆ.

ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದರು. ಆ ಹುರುಪು, ಈ ಕುಸಿತ ಎರಡೂ ಒಂದೇ ಕಾಯಿಲೆಯ ಎರಡು ಮುಖ ಎಂದು ಬಿಡಿಸಿ ಹೇಳಿದರು. ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಹೊತ್ತು ಹೊತ್ತಿಗೆ ನಿದ್ದೆ. ಮೇಸ್ತ್ರಿ ಎದ್ದು ಕುಳಿತರು, ಓಡಾಡಿದರು, ವರ್ಷದೊಳಗೆ ಚಿಕ್ಕಪುಟ್ಟ ಕೆಲಸಕ್ಕೂ ಹೋದರು. ಆ ಮೊದಲ ದಿನ ಅಲ್ಲಿಂದ ಹೊರಡುವ ಮುನ್ನ ಡಾಕ್ಟರಮ್ಮ ಸೂಜಿಯಕ್ಕನಿಗೆ ಒಂದು ಮಾತು ಹೇಳಿದ್ದರು: ಮತ್ತೆ ಹುರುಪು ಏರುವ ಲಕ್ಷಣ ಕಂಡರೆ ಗುರುತು ಹಾಕಿಕೊಳ್ಳಿ, ಮರೆಯಬೇಡಿ.

ಬೇರೆಯವರಾಗಿದ್ದರೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಪುಸ್ತಕವಾದರೆ ಗಂಡನ ಕಣ್ಣಿಗೆ ಬೀಳುತ್ತದೆ ಎಂದು ಸೂಜಿಯಕ್ಕ ಯೋಚಿಸಿದರು. ಕೈಗೆ ಗೊತ್ತಿದ್ದದ್ದು ಒಂದೇ ಗುರುತು. ಮಲಗುವ ಕೋಣೆಯ ಕಿಟಕಿ ಪರದೆಯ ಒಳಮಡಿಕೆಯಲ್ಲಿ, ಗಂಡ ಹೆಚ್ಚು ಮಾತಾಡಿದ ದಿನ, ಹೆಚ್ಚು ನಕ್ಕ ದಿನ, ಒಂದು ಕೆಂಪು ಹೊಲಿಗೆ. ಡಾಕ್ಟರಮ್ಮನ ಬಳಿ ಹೋಗುವ ದಿನ ಹೊಲಿಗೆ ಎಣಿಸಿ ಹೇಳುತ್ತಿದ್ದರು. ಮೊದಲ ಸಲ ಏಮಾರಿದ್ದೆನಲ್ಲ, ಇನ್ನು ಏಮಾರಬಾರದು ಎಂದು ಗಂಡನ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಅವರು ನಗಲು ಬಾಯಿ ತೆರೆದರೆ ಇವರ ಕಣ್ಣು ಮಾತ್ರೆಯ ಡಬ್ಬಿಯ ಕಡೆ ಓಡುತ್ತಿತ್ತು. ಇದನ್ನು ಮೊದಲು ಗಮನಿಸಿದ್ದು ಮಗಳು. "ಅಮ್ಮ, ಅಪ್ಪ ಜೋಕ್ ಹೇಳಿದಾಗ ನೀನು ಥರ್ಮಾಮೀಟರ್ ನೋಡೋ ಸಿಸ್ಟರ್ ಥರ ಮುಖ ಮಾಡ್ತೀಯ," ಎಂದಳಂತೆ. ಸೂಜಿಯಕ್ಕ ಅವಳನ್ನು ಗದರಿಸಿ ಸುಮ್ಮನಾಗಿಸಿದರು.

ಮೂರು ವರ್ಷದ ಹಿಂದೆ ಒಂದು ಭಾನುವಾರ ಹೆಂಡತಿಗೆ ನೆರವಾಗಲೆಂದು ಮೇಸ್ತ್ರಿ ತಾವೇ ಪರದೆ ಬಿಚ್ಚಿ ಒಗೆಯಲು ಕುಳಿತರು. ಗೆರೆ ಒಂದು ಕೂದಲೆಳೆ ಆಚೀಚೆಯಾದರೂ ಕಂಡುಹಿಡಿಯುವ ಕಣ್ಣಿಗೆ ಒಳಮಡಿಕೆಯ ಕೆಂಪು ಸಾಲು ತಪ್ಪುತ್ತದೆಯೇ? ಎಣಿಸಿದರು, ಅರವತ್ತಮೂರು. ಒದ್ದೆ ಪರದೆಯನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದು ಏನಿದು ಎಂದು ಕೇಳಿದರು. ಸೂಜಿಯಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರು. ಮೇಸ್ತ್ರಿ ಕೂಗಾಡಲಿಲ್ಲ. ಪರದೆಯನ್ನು ನೀಟಾಗಿ ಹಿಂಡಿ, ಒಣಹಾಕಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತರು. ಆವತ್ತಿನಿಂದ ಮನೆಯಲ್ಲಿ ಅವರ ನಗು ಕೇಳಿಸಲಿಲ್ಲ. ಕೇಳಿದ್ದಕ್ಕೆ ಉತ್ತರ, ಹೊತ್ತಿಗೆ ಸರಿಯಾಗಿ ಮಾತ್ರೆ, ಒಳ್ಳೆಯ ನಿದ್ದೆ. ಮುಂದಿನ ಸಲ ರಕ್ತದ ರಿಪೋರ್ಟ್ ನೋಡಿ ಡಾಕ್ಟರಮ್ಮನಿಗೂ ಸಮಾಧಾನವಾಯಿತು.

"ಎಲ್ಲರೂ ಅಂದ್ರು, ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯ ಅಂತ. ನನಗೆ ಮಾತ್ರ ಗೊತ್ತಿತ್ತು, ಕಾಯಿಲೆ ಜೊತೆಗೆ ಅವರನ್ನೂ ಓಡಿಸಿಬಿಟ್ಟೆ ಅಂತ." ಈ ಮಾತನ್ನು ಸೂಜಿಯಕ್ಕ ಸೂಜಿಗೆ ದಾರ ಪೋಣಿಸುತ್ತಾ ಹೇಳುತ್ತಾರೆ.

ಕೊನೆಗೆ ಅವರೇ ಪರದೆಯನ್ನು ಚೀಲಕ್ಕೆ ತುರುಕಿಕೊಂಡು ಗಂಡನ ಜೊತೆ ಮೂರನೇ ಮಹಡಿಗೆ ಹೋದರು. ಈ ಸಲ ಲಿಫ್ಟಿನಲ್ಲಿ ಯಾರಿದ್ದಾರೆಂದು ನೋಡಲಿಲ್ಲ. ಡಾಕ್ಟರಮ್ಮ ಪರದೆಯನ್ನು ಮೇಜಿನ ಮೇಲೆ ಹರಡಿಸಿ ಮೇಸ್ತ್ರಿಗೆ, ನೀವೇ ನೋಡಿ ಹೇಳಿ ಎಂದರು. ಮೇಸ್ತ್ರಿ ಒಂದೊಂದೇ ಹೊಲಿಗೆ ತೋರಿಸಿ ಯಾವ ದಿನವೆಂದು ಹೆಂಡತಿಯನ್ನು ಕೇಳಿದರು. ಸೂಜಿಯಕ್ಕ ಹೇಳುತ್ತಾ ಹೋದರು: ಇದು ಮಗಳು ಪಾಸಾದ ದಿನ. ಇದು ಹಳೆಯ ಗೆಳೆಯ ಬಂದಿದ್ದ ದಿನ. ಇದು ನಾಯಿಮರಿ ಚಪ್ಪಲಿ ಕಚ್ಚಿಕೊಂಡು ಓಡಿದ ದಿನ. ಅರ್ಧ ಗಂಟೆಯ ಮೇಲೆ ಮೇಸ್ತ್ರಿ ಬೆರಳು ಮೇಲೆತ್ತಿ, "ಡಾಕ್ಟ್ರೇ, ಇದರಲ್ಲಿ ಹನ್ನೊಂದು ಕಾಯಿಲೆ. ನನಗೇ ಗೊತ್ತಾಗ್ತಿತ್ತು, ಒಪ್ಕೊಳ್ತೀನಿ. ಬಾಕಿ ಐವತ್ತೆರಡು ನಾನು," ಎಂದರು. ಸೂಜಿಯಕ್ಕ ಅಲ್ಲೇ ಕುಳಿತು ಆ ಐವತ್ತೆರಡನ್ನೂ ಬಿಚ್ಚಿದರು.

ಈಗ ಇಬ್ಬರ ನಡುವೆ ಒಪ್ಪಂದವಿದೆ. ಅದನ್ನು ಹೇಳಿ ಬರೆಸಿದ್ದು ಮೇಸ್ತ್ರಿ, ಬರೆದದ್ದು ಮಗಳು. ಎರಡು ದಿನ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆಯಾದರೆ, ಕೇಳದೇ ಮನೆಗೆ ಟೈಲ್ಸ್ ಪೆಟ್ಟಿಗೆ ಬಂದರೆ, ಒಂದೇ ವಾರದಲ್ಲಿ ಎರಡಕ್ಕಿಂತ ಹೆಚ್ಚು ಕೆಲಸ ಒಪ್ಪಿಕೊಂಡರೆ ಸೂಜಿಯಕ್ಕ ಡಾಕ್ಟರಮ್ಮನಿಗೆ ಫೋನ್ ಮಾಡಬಹುದು, ಆಗ ಮೇಸ್ತ್ರಿ ಮುನಿಸಿಕೊಳ್ಳುವಂತಿಲ್ಲ. ಏಳಲಾಗದ ದಿನ ಬಂದರೆ ಮೇಸ್ತ್ರಿ ಮುಚ್ಚಿಡದೆ ಹೇಳಬೇಕು, ಆಗ ಸೂಜಿಯಕ್ಕ ಬೈಯುವಂತಿಲ್ಲ. ನಗು ಮಾತ್ರ ಲೆಕ್ಕಕ್ಕಿಲ್ಲ. ಹೋದ ವರ್ಷ ಒಮ್ಮೆ ಫೋನ್ ಮಾಡಬೇಕಾಯಿತು. ಮೂರೇ ವಾರದಲ್ಲಿ ಸರಿಹೋಯಿತು, ಯಾವ ನೆಲವೂ ಒಡೆಯಲಿಲ್ಲ. ಈ ಲೇಖನ ಪತ್ರಿಕೆಯಲ್ಲಿ ಬರುತ್ತದೆ ಎಂದಾಗ ಮೇಸ್ತ್ರಿ ಯೋಚಿಸಿ, "ಕಾಯಿಲೆ ವಿಷ್ಯ ಬರೀರಿ, ನಾಚಿಕೆ ಏನಿಲ್ಲ. ಹಾಗೇ ನನ್ನ ನೆಲದ ಕೆಲಸದ ಬಗ್ಗೆನೂ ಎರಡು ಸಾಲು ಹಾಕಿ," ಎಂದರಂತೆ. ಅವರು ಹಾಕಿದ ನೆಲದಲ್ಲಿ ಗೋಲಿ ಅಲುಗುವುದಿಲ್ಲ ಎಂಬುದನ್ನು ಇಲ್ಲಿ ಇನ್ನೊಮ್ಮೆ ಹೇಳಿದರೆ ತಪ್ಪಿಲ್ಲ.

ಇಷ್ಟೆಲ್ಲ ಆದ ಮೇಲೆ ಸೂಜಿಯಕ್ಕನಿಗೆ ಇನ್ನೇನು ಬೇಕು? ಹೋದ ವಾರದ ಒಂದು ಸಂಗತಿ ಹೇಳುತ್ತಾರೆ. ಪಾಳಿ ಮುಗಿಸಿ ಮನೆಗೆ ಬಂದಾಗ ಮೇಸ್ತ್ರಿ ಒಳಗೆ ಫೋನಿನಲ್ಲಿ ತಮ್ಮನ ಜೊತೆ ಮಾತಾಡುತ್ತಿದ್ದರು. ಜೋರಾಗಿ ನಗುತ್ತಿದ್ದರು, ಮದುವೆಯಾದ ಹೊಸತರ ಅದೇ ನಗು. ಸೂಜಿಯಕ್ಕ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತರು. ಆ ನಗು ಕೇಳಿ ಎಷ್ಟು ವರ್ಷವಾಗಿತ್ತು. ಒಳಗೆ ಹೋಗಿ, ಏನ್ರೀ ಅಷ್ಟು ತಮಾಷೆ, ನನಗೂ ಹೇಳಿ ಎಂದು ಕೇಳಬೇಕೆಂದು ಹೆಜ್ಜೆ ಇಟ್ಟರು. ಹೆಂಡತಿಯನ್ನು ಕಂಡೊಡನೆ ಮೇಸ್ತ್ರಿಯ ನಗು ನಿಂತಿತು. ಫೋನನ್ನು ಕಿವಿಯಿಂದ ಕೆಳಗಿಳಿಸಿ, ಇವರು ಬಾಯಿ ತೆರೆಯುವ ಮೊದಲೇ ಹೇಳಿದರು:

"ಮಾತ್ರೆ ತಗೊಂಡಿದ್ದೀನಿ."

ಗಾಜಿನ ಮೇಜಿನ ಮೇಲೆ ಇನ್ನೊಂದು ಬೆಡ್‌ಶೀಟು ಹರಡುತ್ತದೆ. ಸೂಜಿಯಕ್ಕನ ಅಂಗೈ ಅದರ ಮೇಲೆ ಓಡುತ್ತದೆ. "ನಾನು ಕೇಳೋಕೆ ಹೋಗಿದ್ದು ಅದಲ್ಲ. ಆದ್ರೆ ಹಾಗೆ ಅಭ್ಯಾಸ ಮಾಡಿಸಿದ್ದು ನಾನೇ ಅಲ್ವಾ, ಯಾರ ಮೇಲೆ ದೂರಲಿ? ಆ ತಮಾಷೆ ಏನು ಅಂತ ಇವತ್ತಿಗೂ ಕೇಳಿಲ್ಲ. ಒಂದಿನ ಅವರಾಗೇ ಕರೆದು ಹೇಳಲಿ. ಅಷ್ಟು ಸಾಕು ನನಗೆ."