ತಂತಿಗೆ ಕೊಬ್ಬರಿ ಎಣ್ಣೆ

ಗೆಳೆಯರೇ, ಸಂಜೆ ಚಿಕ್ಕನಾಯಕನಹಳ್ಳಿಯಲ್ಲಿ ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ. ಬೆಳಗ್ಗೆ ನೋಡಿದರೆ ನನ್ನ ಬೇಸ್ ಗಿಟಾರಿನ ದನಿಯೇ ಸತ್ತಿತ್ತು!

ತಿಪಟೂರಿನಲ್ಲಿ ರಫೀಕನ ಬೈಕ್ ಗ್ಯಾರೇಜಿನಲ್ಲಿ ಬೇಸ್ ಹುಚ್ಚಿನ ನಾವು ಮೂವರು ಸೇರಿದ್ದೆವು. ಬೇಸ್ ಗಿಟಾರಿಗೆ ನಾಲ್ಕು ತಂತಿ ಸಾಕು ಎಂದು ನಾನು, ಐದು ಬೇಕೇ ಬೇಕು ಎಂದು ಕೊಬ್ಬರಿ ಮಂಡಿಯ ಮಹೇಶ. ಎಂದಿನ ಜಗಳ. ನುಡಿಸಿ ತೋರಿಸಲು ಹೋದರೆ ಕೊಬ್ಬರಿ ಮೂಟೆಗೆ ಗುದ್ದಿದಂತೆ ಬರೀ ದಬ್ ಎಂದಿತು.

ರಫೀಕ ತಂತಿ ಮುಟ್ಟಿ ಬೆರಳು ಮೂಸಿದ. "ಏನ್ಲಾ ಹಚ್ಚಿದ್ದೀಯಾ ಇದಕ್ಕೆ?"

"ಕೊಬ್ಬರಿ ಎಣ್ಣೆ. ತುಕ್ಕು ಹಿಡೀಬಾರ್ದು ಅಂತ. ನಮ್ಮೂರ ಎಣ್ಣೆ ಇರೋವಾಗ ಕಂಪನಿಯವರ ಸ್ಪ್ರೇ ಯಾಕ್ಲಾ?" ಸ್ವಾವಲಂಬನೆಯ ಕಿರುಹೊತ್ತಿಗೆಗಳನ್ನು ನಾನು ಸುಮ್ಮನೆ ಓದಿಲ್ಲ.

"ಹಂಗೇ ಜಡೆನೂ ಹಾಕ್ಬುಡು," ಎಂದ ಮಹೇಶ.

ಹೊಸ ತಂತಿ ತರಿಸಲು ಸಮಯವಿರಲಿಲ್ಲ. ರಫೀಕ ನಾಲ್ಕನ್ನೂ ಬಿಚ್ಚಿ, ಸುರುಳಿ ಸುತ್ತಿ, ಪಕ್ಕದ ತನ್ನ ಮನೆಯಲ್ಲಿ ಸೋಪಿನ ಪುಡಿ ಹಾಕಿದ ನೀರಿನಲ್ಲಿ ಕುದಿಯಲು ಇಟ್ಟ. ಅವನ ತಾಯಿ ಮುಚ್ಚಳ ತೆಗೆದು ನೋಡಿದರು.

"ಇದ್ಯಾವ ಶಾವಿಗೆನೋ?"

"ಇವನ ಮರ್ಯಾದೆ ಬೇಯ್ತಾ ಐತೆ, ಅಮ್ಮೀ."

ಒರೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ಕಟ್ಟಿ, ದಪ್ಪ ತಂತಿಯನ್ನು ಮೀಟಿದೆ. ಗ್ಯಾರೇಜಿನ ತಗಡು ಗುಂಯ್ ಎಂದಿತು, ಗೋಡೆಯ ಸ್ಪ್ಯಾನರುಗಳೆಲ್ಲ ಕುಣಿದವು. ಐದು ತಂತಿಯ ಮಹೇಶನೂ ತಲೆದೂಗಿದ.

ಕಂಪನಿಯ ಸ್ಪ್ರೇ ಇಲ್ಲದೆಯೇ ತಂತಿ ಬದುಕಿತು. ನನ್ನ ನಂಬಿಕೆ ಕುಗ್ಗಿಲ್ಲ. ರಫೀಕನ ತಾಯಿ ಮಾತ್ರ ಆ ಪಾತ್ರೆಯನ್ನು ಮತ್ತೆ ಅಡುಗೆಮನೆಗೆ ಸೇರಿಸದೆ ನನ್ನ ಕೈಗೇ ಕೊಟ್ಟು ಕಳಿಸಿದರು. ಸಂಜೆ ಬನ್ನಿ. ಒಂದು ಕೈಯಲ್ಲಿ ಗಿಟಾರು, ಇನ್ನೊಂದರಲ್ಲಿ ಪಾತ್ರೆ ಹಿಡಿದು ಬಸ್ಸಿಳಿಯುವವನು ನಾನೇ.