ನೀರಿನ ಚಾಳೀಸು ಆರಿಸಿಕೊಡುವ ರುದ್ರಕ್ಕ

ಕೊಟ್ಟೂರಿನ ಹೊರಗೆ, ಹರಪನಹಳ್ಳಿ ರಸ್ತೆಯಿಂದ ತುಸು ಒಳಗಿರುವ ಮೆಟ್ಟಿಲು ಬಾವಿಯ ನೀರಿಗೆ ಇನ್ನೂ ಬಿಸಿಲು ತಾಗಿಲ್ಲ. ಮೇಲಿನ ಮೆಟ್ಟಿಲ ಮೇಲೆ ತಿಪ್ಪೇರುದ್ರಮ್ಮ ಆಗಲೇ ಬಂದು ಕುಳಿತಿದ್ದಾರೆ. ಅವರ ಎದುರಿಗೆ ಹದಿನೇಳರ ಗಂಗಾಂಬಿಕಾ ದಪ್ಪ ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿದ್ದಾಳೆ. ಈಜುವವರು ಹಾಕಿಕೊಳ್ಳುವ ಗಾಗಲ್ಲಿನ ಒಂದು ಬಟ್ಟಲನ್ನು, ಅಂದರೆ ಒಂದು ಕಣ್ಣನ್ನು ಮುಚ್ಚುವ ಗಾಜಿನ ಭಾಗವನ್ನು, ರುದ್ರಮ್ಮ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದಾರೆ. ಬೆಳಗಿನ ತಂಪಿಗೆ ಅದರ ಅಂಚಿನ ರಬ್ಬರು ಸೆಟೆದಿರುತ್ತದೆ, ಕಣ್ಣಿಗೆ ತಾಗಿದರೆ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಕೈಯಲ್ಲೇ ಬೆಚ್ಚಗೆ ಮಾಡುತ್ತಾರೆ. ಆಮೇಲೆ ಹುಡುಗಿಯ ಬಲಗಣ್ಣಿನ ಮೇಲಿಟ್ಟು ಮೆಲ್ಲಗೆ ಒತ್ತಿ ಕೈ ಬಿಡುತ್ತಾರೆ. ತಲೆಗೆ ಪಟ್ಟಿ ಹಾಕಿಲ್ಲ, ಆದರೂ ಬಟ್ಟಲು ಬೀಳುವುದಿಲ್ಲ.

"ಹಿಡೀತು. ಈಗ ನಗು ನೋಡಾನ," ಎನ್ನುತ್ತಾರೆ ರುದ್ರಮ್ಮ.

ಹುಡುಗಿ ನಗುತ್ತಾಳೆ. ಬಟ್ಟಲು ಜಾರಿ ಮಡಿಲಿಗೆ ಬೀಳುತ್ತದೆ.

"ಇದು ನಕ್ಕರ ಬಿಡ್ತೈತಿ. ಬ್ಯಾಡ. ನೀರಾಗ ಮಕ ಗಂಟು ಹಾಕ್ಕಂಡು ಈಜಾಕ ಆಕ್ಕೈತೇನು?"

ಇನ್ನೊಂದು, ಮತ್ತೊಂದು. ನಾಲ್ಕನೆಯದು ನಕ್ಕರೂ ಬೀಳುವುದಿಲ್ಲ, ಕೆಮ್ಮಿದರೂ ಬೀಳುವುದಿಲ್ಲ. ಅವರ ಹಿಂದೆಯೇ ಹುಡುಗಿಯ ತಾಯಿ ದಾಕ್ಷಾಯಣಮ್ಮ ತುಟಿ ಬಿಗಿಹಿಡಿದು ನಿಂತಿದ್ದಾರೆ. ಅವರ ಷರತ್ತು ಎಲ್ಲರಿಗೂ ಗೊತ್ತಿದೆ. ಕನ್ನಡಕ ತೆಗೆದಿಟ್ಟು ಬಾವಿಗಿಳಿದಿದ್ದ ಗಂಗಾಂಬಿಕಾ ಯುಗಾದಿಗೆ ಮುಂಚೆ ಕಲ್ಲಿನ ಅಂಚು ಕಾಣದೆ ಹುಬ್ಬು ಒಡೆದುಕೊಂಡಿದ್ದಳು. ಅಂದಿನಿಂದ ಈಜು ಬಂದ್. ಕಾಡಿ ಬೇಡಿ ಇವತ್ತಿನ ಒಂದು ಬೆಳಗನ್ನು ಗಿಟ್ಟಿಸಿಕೊಂಡಿದ್ದಾಳೆ.

"ಆ ದಂಡಿಗೆ ಹೋಗಿ ಅಲ್ಲಿಂದ ನೋಡ್ಲಿ," ಎನ್ನುತ್ತಾರೆ ದಾಕ್ಷಾಯಣಮ್ಮ. "ನಾ ಎಷ್ಟು ಬೆಟ್ಟು ಎತ್ತೀನಿ ಅಂತ ಹೇಳ್ಲಿ. ಹೇಳಿದ್ಲು, ಈಜಲಿ. ಇಲ್ಲಾಂದ್ರ ಇನ್ನ ಬಾವಿ ಕಡೆ ಹಾಯಂಗಿಲ್ಲ. ನಾನು ಎರಡು ಮಾತು ಆಡಾಕಿ ಅಲ್ರಿ."

ರುದ್ರಮ್ಮ, ಅಂದರೆ ಎಲ್ಲರ ಬಾಯಲ್ಲಿ ರುದ್ರಕ್ಕ, ವಾರದ ಆರು ದಿನ ಗುರುಸಂಗಪ್ಪನವರ ಕನ್ನಡಕದ ಅಂಗಡಿಯಲ್ಲಿ ದುಡಿಯುತ್ತಾರೆ. ಕೂಡ್ಲಿಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವರು. ಅಂಗಡಿಗೆ ಸೇರಿದ್ದು ಕಸ ಗುಡಿಸಲು, ಗಾಜು ಒರೆಸಲು. ಕನ್ನಡಕದ ಗಾಜನ್ನು ಅಳತೆಗೆ ಉಜ್ಜುವ ಕೆಲಸದವನು ಬಾರದ ದಿನಗಳಲ್ಲಿ ಕಲ್ಲಿನ ಚಕ್ರದ ಮುಂದೆ ಕುಳಿತು ಕುಳಿತು ಅದನ್ನೇ ಕಲಿತರು. ಆ ಚಕ್ರಕ್ಕೆ ಹನಿಸುವ ನೀರಿನಲ್ಲಿ ವರ್ಷಗಟ್ಟಲೆ ನೆನೆದು ಬೆರಳ ತುದಿಗಳು ಸೀಳಿವೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಸದ್ದು ಮಾಡುತ್ತದೆ. ಅದನ್ನು ಕೇಳಿದರೆ, "ಅದೂ ಮಾತಾಡ್ಲಿ ಬಿಡ್ರಿ, ನಾನೊಬ್ಬಾಕಿನೇ ಎಷ್ಟಂತ ಮಾತಾಡ್ಲಿ," ಎಂದು ನಗುತ್ತಾರೆ.

ನಂಬರು ಇರುವ ಈಜು ಗಾಗಲ್ ಇದೆಯೆಂಬುದೇ ಅವರಿಗೆ ಮೊದಲು ಗೊತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಯುವಕನೊಬ್ಬ ಫೋನಿನಲ್ಲಿ ತರಿಸಿಕೊಂಡದ್ದನ್ನು ಹಿಡಿದು ಅಂಗಡಿಗೆ ಬಂದ. ಒಂದು ಕಣ್ಣಿಗೆ ಸರಿ, ಇನ್ನೊಂದಕ್ಕೆ ತಲೆ ತಿರುಗುತ್ತದೆ ಎಂದ. ಅವನ ಎರಡು ಕಣ್ಣಿನ ನಂಬರು ಬೇರೆ ಬೇರೆ, ಗಾಗಲ್ಲಿನ ಎರಡು ಬಟ್ಟಲಿಗೂ ಒಂದೇ ನಂಬರು. ಬಿಡಿ ಬಟ್ಟಲು ಸಿಗುತ್ತವೆಯೇ ಎಂದು ರುದ್ರಕ್ಕ ಹುಡುಕಿಸಿದರು. ಸಿಕ್ಕವು. ಎಡಕ್ಕೊಂದು, ಬಲಕ್ಕೊಂದು ಆರಿಸಿ, ಮೂಗಿನ ಅಳತೆಗೆ ನಡುವಿನ ಕೊಂಡಿ ಹಾಕಿ ಜೋಡಿಸಿಕೊಟ್ಟರು. ಅಲ್ಲಿಂದ ಈ ಸೀಮೆಯಲ್ಲಿ ಅದಕ್ಕೆ 'ನೀರಿನ ಚಾಳೀಸು' ಎಂಬ ಹೆಸರು ಬಿತ್ತು. ಚಾಳೀಸು ಎಂದರೆ ಇಲ್ಲಿ ಕನ್ನಡಕ.

ಕಲಿಯುವಾಗ ತಪ್ಪೂ ಆಯಿತು. ಅದನ್ನು ಅವರೇ ನಗುತ್ತ ಹೇಳುತ್ತಾರೆ. "ಬಕೆಟ್ ತಳಕ್ಕ ಅ ಆ ಇ ಈ ಬರೆದು ನೀರು ತುಂಬಿಸಿದ್ದೆ. ಹಾಕ್ಕಂಡು ಮಕ ಮುಳುಗಿಸ್ರಿ, ಓದ್ರಿ ಅಂತಿದ್ದೆ. ಎಲ್ರೂ ಗಡಗಡ ಓದಿದ್ರು. ಬಾವಿಗೆ ಹೋದ್ರ ಎದುರಿನ ಮೆಟ್ಟಿಲೇ ಕಾಣವಲ್ದು ಅಂತ ಬಂದು ಬೈದ್ರು. ಬಕೆಟ್ ತಳ ಮೂಗಿನ ಬುಡಕ್ಕ ಇರ್ತೈತಿ. ದೂರದ್ದು ಕಾಣದೋರಿಗೆ ಹತ್ರದ್ದು ಹೆಂಗೂ ಕಾಣ್ತೈತಲ್ರಿ. ನನ್ನ ತಲಿಗೆ ಅದು ಹೊಳೀಲಿಲ್ಲ."

ಹಾಗಾಗಿ ಬಕೆಟ್ ಬಿಟ್ಟು ಬಾವಿಗೇ ಹೋಗತೊಡಗಿದರು. ಅದನ್ನು ಕೇಳಿದ ದಿನ ಗುರುಸಂಗಪ್ಪನವರ ಎದೆ ಧಸಕ್ಕೆಂದಿತ್ತಂತೆ. "ಯಜಮಾನ್ರೇ, ಭಾನುವಾರ ಬಾವಿಗೆ ಹೊಂಟೀನಿ ಅಂದ್ಲು. ಏನಾತಬೇ ಮನ್ಯಾಗ, ಕುಂತು ಮಾತಾಡಾನ ಬಾ ಅಂದೆ," ಎಂದು ಅವರು ಇವತ್ತಿಗೂ ಗಿರಾಕಿಗಳಿಗೆ ಹೇಳಿ ನಗಿಸುತ್ತಾರೆ. ಈಗ ಬಿಡಿ ಬಟ್ಟಲುಗಳ ಡಬ್ಬಿಯನ್ನು ಅವರೇ ಶನಿವಾರ ತುಂಬಿಸಿಡುತ್ತಾರೆ.

ತಿಂಗಳಿಗೆ ಐದಾರು ಜನ ಸಿಗುತ್ತಾರೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹರಪನಹಳ್ಳಿಯಿಂದ, ಕೂಡ್ಲಿಗಿಯಿಂದ ಕರೆ ಬರುತ್ತದೆ. ಹಡಗಲಿಯ ನಿವೃತ್ತ ಮೇಷ್ಟ್ರು ಏಕಾಂತಪ್ಪನವರು ಮೈಲಾರದ ಹತ್ತಿರ ಹೊಳೆಯಲ್ಲಿ ಈಜುವವರು. "ಆಚೆ ದಂಡ್ಯಾಗ ಬಂಡೆಗಲ್ಲು ಅದಾವು ಅಂತ ಇಷ್ಟು ವರ್ಷ ತಿಳಕಂಡಿದ್ದೆ. ಇದನ್ನ ಹಾಕ್ಕಂಡು ನೋಡಿದ್ರ ಎಮ್ಮಿ," ಎಂದು ಅವರು ಕಂಡವರಿಗೆಲ್ಲ ಹೇಳುತ್ತಾರೆ.

ಕಣ್ಣು ಪರೀಕ್ಷೆಗೆ ರುದ್ರಕ್ಕ ಕೈ ಹಾಕುವುದಿಲ್ಲ. "ನಂಬರ್ ಡಾಕ್ಟರ್ರದು, ಬಟ್ಟಲು ನಂದು." ಈ ಬಟ್ಟಲುಗಳು ಅರ್ಧರ್ಧ ನಂಬರಿನ ಅಂತರದಲ್ಲಿ ಬರುತ್ತವೆ. ಕಣ್ಣಿನ ನಂಬರು ಎರಡರ ನಡುವೆ ಬಿದ್ದರೆ ಕಡಿಮೆಯದನ್ನೇ ಆರಿಸುತ್ತಾರೆ. ಹೆಚ್ಚಿನದು ಹಾಕಿದರೆ ಕಣ್ಣು ಎಳೆಯುತ್ತದೆ, ತಲೆ ನೋಯುತ್ತದೆ. ಕಣ್ಣಿನ ಆಪರೇಷನ್ ಆದವರಿಗೆ, ಡಾಕ್ಟರು ಹೂಂ ಅನ್ನುವ ತನಕ ಕೊಡುವುದೇ ಇಲ್ಲ.

ಇದೆಲ್ಲ ಕೆಲಸದ ಮಾತಾಯಿತು. ಅವರು ತಾವಾಗಿ ಹೇಳಿಕೊಳ್ಳದ ಕೆಲವು ಸಂಗತಿಗಳಿವೆ. ಮದುವೆಯಾಗಬೇಕಿರುವ ಹುಡುಗಿಯರ ನಂಬರನ್ನು ಅವರು ಗಟ್ಟಿಯಾಗಿ ಕೇಳುವುದಿಲ್ಲ, ತಮ್ಮ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದು ಕೇಳುತ್ತಾರೆ. ತೆಗೆದಿಟ್ಟ ಕನ್ನಡಕವನ್ನು ಕಲ್ಲಿನ ಮೇಲೆ ಇಡಗೊಡದೆ ತಮ್ಮ ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ. ಭಾನುವಾರ ಮಾತ್ರ ಉಡುವ ಒಂದು ಗಾಢ ಅರಿಶಿನ ಬಣ್ಣದ ಸೀರೆ ಅವರಲ್ಲಿದೆ. ಯಾಕೆಂದು ಕೇಳಿದರೆ, "ಮಸುಕು ಕಣ್ಣಿಗೂ ಹಳದಿ ಕಾಣ್ತೈತ್ರಿ. ನೀರಾಗ ಇರೋರಿಗೆ ದಂಡಿ ಯಾವ ಕಡೆ ಐತಿ ಅಂತ ಗೊತ್ತಿದ್ರ ಜೀವಕ್ಕ ಸಮಾಧಾನ."

ಇವತ್ತೂ ಅದೇ ಸೀರೆ. ಭಾನುವಾರ ಬಿಸಿಲೇರುವ ತನಕ ಈ ಬಾವಿ ಹೆಣ್ಣುಮಕ್ಕಳದು. ಈಜು ಕಲಿಸುವ ಹೊನ್ನೂರಮ್ಮ ಗಂಡುಹುಡುಗರೊಂದಿಗೆ ಜಗಳಾಡಿ ಗಳಿಸಿಕೊಟ್ಟ ಹೊತ್ತು ಅದು. ಅವರು ಆಗಲೇ ಎದೆಮಟ್ಟದ ನೀರಿನಲ್ಲಿ ನಿಂತಿದ್ದಾರೆ.

"ಲಗೂನ ಬಾರೇ. ಬಿಸಿಲೇರೋ ತನಕ ಕಾಯ್ತಿ ಏನು?"

ಗಂಗಾಂಬಿಕಾ ಎರಡೂ ಬಟ್ಟಲು ಜೋಡಿಸಿದ ಗಾಗಲ್ ಹಾಕಿಕೊಂಡು ಮೆಟ್ಟಿಲಿಳಿಯುತ್ತಾಳೆ. ಕೊನೆಯ ಮೆಟ್ಟಿಲಲ್ಲಿ ನಿಂತು ಎದುರು ದಂಡೆಯ ಕಡೆ ನೋಡುತ್ತಾಳೆ. ನೋಡುತ್ತಲೇ ಇರುತ್ತಾಳೆ. ತಿರುಗಿ ತಾಯಿಯತ್ತ ನೋಡುತ್ತಾಳೆ.

"ರುದ್ರಕ್ಕ, ಏನೂ ಕಾಣವಲ್ದು. ಎಲ್ಲಾ ಬೆಳ್ಳಗ."

ದಾಕ್ಷಾಯಣಮ್ಮ ಟವೆಲ್ ಎತ್ತಿಕೊಳ್ಳುತ್ತಾರೆ. "ಆತಲ್ಲ. ಬಾ ಮ್ಯಾಲೆ. ಮನಿಗೆ ನಡಿ."

ಹೊನ್ನೂರಮ್ಮ ನೀರನ್ನೇ ನೋಡುತ್ತ ನಿಲ್ಲುತ್ತಾರೆ. ರುದ್ರಕ್ಕ ಮೊಣಕಾಲಿನ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಇಳಿದು ಹುಡುಗಿಯ ಮುಂದೆ ಕೂರುತ್ತಾರೆ. ಗಾಜಿನ ಒಳಮೈ ನೋಡುತ್ತಾರೆ. ಕೆನ್ನೆ ಮುಟ್ಟಿ ನೋಡುತ್ತಾರೆ.

"ಅತ್ತು ಬಂದೀ ಏನವ್ವ?"

ಹುಡುಗಿ ತಲೆ ತಗ್ಗಿಸುತ್ತಾಳೆ.

"ದಾರಿ ತುಂಬ ಅತ್ತಾಳ," ಎಂದು ಮೇಲಿನಿಂದ ತಾಯಿ ಹೇಳುತ್ತಾರೆ. ಅವರ ದನಿ ಈಗ ಅಷ್ಟು ಗಟ್ಟಿಯಿಲ್ಲ.

"ಅದಕ್ಕ ಮತ್ತ. ಮಕ ಕಾದೈತಿ, ಕಣ್ಣಾಗ ಹಸಿ ಐತಿ, ಬೆಳಗಿನ ತಂಪು ಹೊರಗ. ಗಾಜಿಗೆ ಹಬೆ ಹಿಡದೈತಿ, ಅನ್ನದ ಗಡಿಗಿ ಮುಚ್ಚಳಕ್ಕ ಹಿಡದಂಗ. ನಂಬರ್ ಏನು ಮಾಡ್ತೈತಿ ಪಾಪ." ಅವರು ಬೊಗಸೆಯಲ್ಲಿ ಬಾವಿಯ ನೀರು ತೆಗೆದು ಹುಡುಗಿಯ ಮುಖಕ್ಕೆ ಹಾಕುತ್ತಾರೆ. ಮುಖ ತಣ್ಣಗಾಗುವ ತನಕ ಮತ್ತೆ ಮತ್ತೆ ಹಾಕುತ್ತಾರೆ. ಗಾಗಲ್ಲನ್ನೂ ಮುಳುಗಿಸಿ ಎತ್ತಿ ಒಮ್ಮೆ ಕೊಡಹುತ್ತಾರೆ. ಒಳಗೆ ಬೆರಳು ತಾಗಿಸುವುದಿಲ್ಲ. "ಹಾಕ್ಕಂಡು ಹಂಗೇ ಹೋಗು. ನಿಂದ್ರಬ್ಯಾಡ."

ಹುಡುಗಿ ನೀರಿಗೆ ಜಾರುತ್ತಾಳೆ. ಹೊನ್ನೂರಮ್ಮನನ್ನು ದಾಟುತ್ತಾಳೆ. ಹುಬ್ಬು ಒಡೆದ ಅದೇ ಕಲ್ಲಿನಂಚಿಗೆ ಇನ್ನು ಒಂದು ಮೊಳವಿದೆ ಎನ್ನುವಾಗ ತಾನಾಗಿಯೇ ಪಕ್ಕಕ್ಕೆ ಸರಿದು, ಅಂಗೈಯಿಂದ ಗೋಡೆ ಮುಟ್ಟಿ ತಿರುಗುತ್ತಾಳೆ. ಹೊನ್ನೂರಮ್ಮ ನೀರಿಗೆ ಕೈ ಬಡಿದು ಕುಣಿಯುತ್ತಾರೆ.

"ಹೇಳು," ಎಂದು ದಾಕ್ಷಾಯಣಮ್ಮ ಬೆರಳು ಎತ್ತುತ್ತಾರೆ.

"ಮೂರು."

"ಈಗ?"

"ಎರಡು."

ಮೂರನೆಯ ಸಲ ಅವರು ಕೈ ಎತ್ತುವುದೇ ಇಲ್ಲ.

"ನೀ ಕೈ ಎತ್ತಿಲ್ಲ," ಎಂದು ಆಚೆ ದಂಡೆಯಿಂದ ದನಿ ಬರುತ್ತದೆ. "ಸೆರಗು ಕಚ್ಚಿಕೊಂಡು ನಿಂತಿ. ಬಿಡವ್ವ ಅದನ್ನ, ಹರಿತೈತಿ."

ದಾಕ್ಷಾಯಣಮ್ಮ ಹಲ್ಲಿನಿಂದ ಸೆರಗು ಬಿಡಿಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ. ಅಳು ಬರುವುದೋ ನಗು ಬರುವುದೋ ಅವರಿಗೇ ತಿಳಿಯುವುದಿಲ್ಲ. ರುದ್ರಕ್ಕ ಹತ್ತಿ ಬಂದು ಪಕ್ಕದಲ್ಲಿ ಕೂರುತ್ತಾರೆ. ಹುಡುಗಿ ಆಗಲೇ ಮತ್ತೊಂದು ಸುತ್ತಿಗೆ ಹೊರಟಿದ್ದಾಳೆ, ಯಾರ ಅಪ್ಪಣೆಗೂ ಕಾಯದೆ.

ತುಸು ಹೊತ್ತಿನ ಮೇಲೆ ದಾಕ್ಷಾಯಣಮ್ಮ ರುದ್ರಕ್ಕನ ಕಡೆ ಬಾಗುತ್ತಾರೆ. "ನಮ್ಮ ತವರು ಉಚ್ಚಂಗಿದುರ್ಗದ ಕಡೆ. ಲಗ್ನಕ್ಕ ಮುಂಚೆ ನಾನೂ ಬಾವ್ಯಾಗ ಈಜು ಬೀಳ್ತಿದ್ದೆ. ಚಾಳೀಸು ಬಂತು, ಬಿಟ್ಟೆ. ನನ್ನ ನಂಬರಿಗೂ ಇಂಥವು ಬರ್ತಾವೇನ್ರಿ?"

"ಬರ್ತಾವ. ಆದ್ರ ಕಣ್ಣು ತೋರಿಸ್ಕಂಡು ಬರ್ರಿ. ಹಳೇ ನಂಬರಿಗೆ ನಾ ಕೊಡಂಗಿಲ್ಲ."

"ಏನು ಗುಸುಗುಸು ಅಲ್ಲಿ?" ನೀರಿನ ನಡುವಿನಿಂದ ಗಂಗಾಂಬಿಕಾ ಕೂಗುತ್ತಾಳೆ. "ಬಾಯಿ ಆಡೋದು ಕಾಣ್ತೈತಿ ನನಗ."

"ಕಾಣ್ಲಿ ಬಿಡವ್ವ," ಎನ್ನುತ್ತಾರೆ ರುದ್ರಕ್ಕ. "ನಾ ಬಂದಿದ್ದು ಮತ್ಯಾತಕ್ಕ?"