ಹುಲುಗಪ್ಪನ ಹೆಸರಿನಲ್ಲಿ ಆರು ವರ್ಷ

ಕಳೆದ ತಿಂಗಳು ಒಬ್ಬ ಮನುಷ್ಯ ಅವನೇ ಎಂದು ರುಜುವಾತು ಮಾಡಲು ಸಂಡೂರಿಗೆ ಹೋಗಿದ್ದೆ. ಸೋತು ಬಂದೆ.

ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದ. ಉಸಿರಾಡುತ್ತಿದ್ದ. ಕಚೇರಿಯವರು ತರಿಸಿಕೊಟ್ಟ ಚಹಾ ಕುಡಿಯುತ್ತಿದ್ದ. ಆದರೂ ಅವನು ಅಲ್ಲಿಲ್ಲ ಎಂದು ತೀರ್ಮಾನವಾಯಿತು.

ಮೊದಲಿನಿಂದ ಹೇಳುತ್ತೇನೆ. ಹೊಸಪೇಟೆಯ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಗಾದಿಲಿಂಗ ಅಂತ ಒಬ್ಬ ಇದ್ದಾನೆ. ಊರು ಎಮ್ಮಿಗನೂರು. ಸಂಡೂರಿನ ಗುಡ್ಡದ ಮೇಲೆ ಗುತ್ತಿಗೆದಾರರೊಬ್ಬರ ಕೈಕೆಳಗೆ ಡೋಜರ್ ಓಡಿಸುತ್ತಾನೆ. ಗಣಿಗೆ ಹೋಗುವವರನ್ನು ಗುರುತಿಸುವುದು ಸುಲಭ, ಎಷ್ಟು ತೊಳೆದರೂ ಕಿವಿಯ ಹಿಂದೆ ಕೆಂಪು ಉಳಿದಿರುತ್ತದೆ. (ಟಿಪ್ಪರುಗಳ ದಯೆಯಿಂದ ಈಗ ಗಣಿಗೆ ಹೋಗದವರ ಕಿವಿಯ ಹಿಂದೆಯೂ ಉಳಿದಿರುತ್ತದೆ. ಆ ಮಾತು ಬೇರೆ.) ಗಾದಿಲಿಂಗನಿಗೆ ಕಿವಿಯ ಹಿಂದೆ ಮಾತ್ರವಲ್ಲ, ಎದೆಯ ಒಳಗೂ ಉಳಿದಿದೆ. ಅವನ ಕೆಮ್ಮು ನಮ್ಮ ಮನೆಗೆ ಕೇಳುತ್ತದೆ. ಧೂಳು ಬಿಡು, ಇಲ್ಲವಾದರೆ ಔಷಧ ಬರೆಯುವುದು ನನಗೂ ವ್ಯರ್ಥ, ನುಂಗುವುದು ನಿನಗೂ ವ್ಯರ್ಥ ಎಂದು ಡಾಕ್ಟರು ಹೇಳಿದ್ದಾರೆ.

ಹೀಗಿರುವಾಗ ಒಮಾನ್ ದೇಶದ ಒಂದು ಕಲ್ಲುಗಣಿ ಕಂಪನಿಯವರು ಇಲ್ಲಿಯ ಲಾಡ್ಜಿನಲ್ಲಿ ಇಳಿದುಕೊಂಡು ಆಪರೇಟರುಗಳನ್ನು ಹುಡುಕಿದರು. ತೋರಣಗಲ್ಲಿನ ದಾರಿಯ ಬಯಲಿನಲ್ಲಿ ಪರೀಕ್ಷೆ. ಗಾದಿಲಿಂಗ ನೆಲವನ್ನು ಎಷ್ಟು ಸಮ ಮಾಡಿದನೆಂದರೆ, ಬಂದ ಸಾಹೇಬ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ಸವರಿ ನೋಡಿದನಂತೆ. ಉಳಿದವರಿಗೆಲ್ಲ ಪ್ರಶ್ನೆ ಹಾಕಿದವನು ಇವನಿಗೆ ಒಂದನ್ನೂ ಹಾಕಲಿಲ್ಲವಂತೆ.

ಹದಿನೈದು ದಿನದಲ್ಲಿ ಆಫರ್ ಲೆಟರ್ ಬಂತು. ಇಂಗ್ಲಿಷಿನಲ್ಲಿತ್ತು, ಆದ್ದರಿಂದ ನನ್ನ ಬಳಿಗೆ ಬಂತು. ಪತ್ರಿಕೆಗೆ ಬರೆಯುವವನಿಗೆ ಲೋಕದ ಸಕಲ ಕಾಗದಗಳೂ ತಿಳಿಯುತ್ತವೆ ಎಂದು ನಮ್ಮ ಓಣಿ ನಂಬಿದೆ. ನಾನೂ ತಿದ್ದಲು ಹೋಗಿಲ್ಲ.

ಓದಿ ಹೇಳಿದೆ. ಇರಲು ಕೋಣೆ ಉಂಟು. ಡೋಜರಿಗೆ ಮುಚ್ಚಿದ ಕ್ಯಾಬಿನ್, ಒಳಗೆ ಎ.ಸಿ. (ಈ ಸಾಲನ್ನು ಅವನು ಎರಡು ಸಲ ಓದಿಸಿದ.) ವರ್ಕ್ ಪರ್ಮಿಟ್ಟಿಗೆ ನೀನು ಅಲೆಯಬೇಕಾಗಿಲ್ಲ, ಕಂಪನಿಯೇ ಅಲ್ಲಿಯ ಸರ್ಕಾರಕ್ಕೆ ಅರ್ಜಿ ಹಾಕಿ ತೆಗೆಸುತ್ತದೆ. ಆ ಅರ್ಜಿಗೆ ಮೂರು ವಾರದೊಳಗೆ ಎರಡು ಕಾಗದ ಕಳಿಸಬೇಕು. ಪಾಸ್‌ಪೋರ್ಟಿನ ಪ್ರತಿ. ಜೊತೆಗೆ ಐದು ವರ್ಷವಾದರೂ ಡೋಜರ್ ಓಡಿಸಿದ್ದಾನೆಂದು ಈಗಿನ ಮಾಲೀಕರು ಬರೆದ ಸರ್ಟಿಫಿಕೇಟು, ಪಾಸ್‌ಪೋರ್ಟಿನಲ್ಲಿರುವ ಹೆಸರಿಗೇ.

ಪಾಸ್‌ಪೋರ್ಟು ಕಳೆದ ವರ್ಷವೇ ಆಸೆಪಟ್ಟು ಮಾಡಿಸಿಟ್ಟಿದ್ದ. ಆರು ವರ್ಷದಿಂದ ಓಡಿಸುತ್ತಿದ್ದಾನೆ. ಇನ್ನೇನು ಬೇಕು ಎಂದೆ.

ಅವನು ಕಾಗದ ಮಡಚಿದ. "ಓಡ್ಸಿದ್ದು ನಾನ ರೀ. ಹೆಸ್ರು ನಮ್ಮಣ್ಣಂದು."

ಸಂಗತಿ ಇಷ್ಟೆ. ಅಣ್ಣ ಹುಲುಗಪ್ಪನಿಗೆ ಹೆವಿ ಲೈಸೆನ್ಸ್ ಇತ್ತು. ಗಣಿ ಸೇರಿದ, ಗೇಟ್ ಪಾಸ್ ಮಾಡಿಸಿಕೊಂಡ. ಮೂರನೆಯ ತಿಂಗಳಿಗೆ ಗುಡ್ಡದ ಸಹವಾಸ ಸಾಕೆಂದು ಎಮ್ಮಿಗನೂರಿನ ಭತ್ತದ ಗದ್ದೆಗೆ ಹಿಂತಿರುಗಿದ. ಸಿಕ್ಕ ಪಾಸನ್ನು ಹಾಳು ಮಾಡುವುದುಂಟೆ? ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ನಾವು. ಅಣ್ಣ ಹಾಸಿದ ಟವೆಲ್ಲಿನ ಮೇಲೆ ತಮ್ಮ ಕೂತ.

ಪಾಸಿನ ಫೋಟೋದಲ್ಲಿ ಅಣ್ಣ, ಸೀಟಿನಲ್ಲಿ ತಮ್ಮ. ಕೆಂಪು ಧೂಳಿನಲ್ಲಿ ಯಾರು ನೋಡುತ್ತಾರೆ? ಮೇಸ್ತ್ರಿಗೆ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು. ಹಾಗೆ ಇವನು ಗುಡ್ಡದ ಮೇಲೆ ಹುಲುಗಪ್ಪನಾದ, ಮನೆಯಲ್ಲಿ ಗಾದಿಲಿಂಗನಾಗಿ ಉಳಿದ. (ಹೆಂಡತಿಗೆ ಏನೂ ತೊಡಕಾಗಲಿಲ್ಲ. ಆಕೆ ಎರಡರಲ್ಲಿ ಯಾವ ಹೆಸರನ್ನೂ ಹಿಡಿದು ಕರೆಯುವವಳಲ್ಲ.) ತನಗೇ ಲೈಸೆನ್ಸ್ ಬಂದ ಮೇಲೆ ಹೆಸರು ಬದಲಿಸಿರಿ ಎಂದು ಒಂದೆರಡು ಸಲ ಕೇಳಿದ್ದನಂತೆ. ನಡೀತೈತಲ್ಲ, ನಡೀಲಿ ಬಿಡೋ ಎಂದರಂತೆ. ನಮ್ಮ ಜಿಲ್ಲೆಯ ಸಂವಿಧಾನಕ್ಕೆ ಇದಕ್ಕಿಂತ ಚಿಕ್ಕ ಪ್ರಸ್ತಾವನೆ ಬರೆಯಲು ಯಾರಿಗಾದರೂ ಸಾಧ್ಯವೆ?

ಸಂಡೂರಿನ ಕಚೇರಿಯಲ್ಲಿ ಮ್ಯಾನೇಜರು ಮರ್ಯಾದೆಯಿಂದಲೇ ಮಾತಾಡಿದರು. ಇವನಂಥ ಆಪರೇಟರ್ ಗುಡ್ಡದಲ್ಲಿ ಇನ್ನೊಬ್ಬನಿಲ್ಲ ಎಂದು ಹೊಗಳಿದರು. ಹಾಗಾದರೆ ಅದನ್ನೇ ಬರೆದುಕೊಡಿ ಎಂದೆ. ಅವರು ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಹುಲುಗಪ್ಪ ಅಂತ ಬೇಕಂದ್ರ ಈಗ್ಲೇ ಎರಡು ಸೀಲ್ ಹೊಡ್ದು ಕೊಡ್ತೀನ್ರಿ. ಗಾದಿಲಿಂಗ ಅನ್ನೋ ಮನ್ಷ ನಮ್ಮಲ್ಲಿ ಒಂದಿನಾನೂ ಕೆಲ್ಸ ಮಾಡಿಲ್ಲ. ಮಾಡ್ಯಾನಂತ ಬರದ್ರ, ಇನ್ನೊಬ್ರ ಪಾಸಿನ ಮ್ಯಾಲೆ ಆರು ವರ್ಷ ನಾವ ದುಡಿಸ್ಕೊಂಡ್ವಿ ಅಂತ ನಾವ ಬರ್ಕೊಟ್ಟಂಗ ಆಗಲ್ಲೇನ್ರಿ?"

ಆಗುತ್ತದೆ. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಹೊರಡುವಾಗ ಅವರು ಎದ್ದು ಬಂದು, "ಹುಲುಗಪ್ಪ, ನಾಳಿ ಫಸ್ಟ್ ಶಿಫ್ಟ್ ಐತಪ್ಪ" ಎಂದು ಇವನ ಭುಜ ತಟ್ಟಿದರು. ಇವನು ಹೂಂ ಎಂದ.

ಆಮೇಲೆ ಒಮಾನಿಗೆ ಇದ್ದದ್ದು ಇದ್ದಹಾಗೆ ಒಂದು ಪತ್ರ ಬರೆದೆ. ನಾನು ಇಂಗ್ಲಿಷಿನಲ್ಲಿ ಬರೆದ ಅತ್ಯಂತ ಪ್ರಾಮಾಣಿಕ ಪತ್ರ ಅದು. ಎರಡು ಸಾಲಿನ ಉತ್ತರ ಬಂತು. ಎರಡೂ ಹೆಸರು ಒಬ್ಬನದೇ ಎಂಬ ಅಫಿಡವಿಟ್ ಇದ್ದರೆ ನೋಡಬಹುದು, ಇಲ್ಲವಾದರೆ ಪರ್ಮಿಟ್ಟಿಗೆ ಅರ್ಜಿ ಹಾಕಲಾಗದು.

ನೋಟರಿ ಹತ್ತೇ ನಿಮಿಷದ ಕೆಲಸ ಎಂದರು. ಗಾದಿಲಿಂಗ ಉರುಫ್ ಹುಲುಗಪ್ಪ, ಇಬ್ಬರೂ ಒಬ್ಬನೇ. ಸುಳ್ಳು ಕಾಗದಕ್ಕೆ ಕೈ ಹಾಕಬಾರದೆಂದು ಹಳೆಯ ಕಾಲದ ಮನಸ್ಸು ಹಿಂಜರಿಯಿತು. ಅಷ್ಟರಲ್ಲಿ ಪಕ್ಕದಲ್ಲಿ ಕೆಮ್ಮು ಕೇಳಿಸಿತು. ಮನಸ್ಸು ಸುಮ್ಮನಾಯಿತು. ಆದರೆ ಅಣ್ಣನ ಒಪ್ಪಿಗೆ ಬೇಡವೆ? ಗಡುವಿಗೆ ಎರಡು ದಿನ ಇರುವಾಗ ಕಂಪ್ಲಿ ಬಸ್ಸು ಹಿಡಿದು ಎಮ್ಮಿಗನೂರಿಗೆ ಹೋದೆವು.

ಹುಲುಗಪ್ಪ ಸಾಧು ಮನುಷ್ಯ. ತಮ್ಮ ಬದುಕಿಕೊಳ್ಳಲಿ, ಎಲ್ಲಿ ಹೆಬ್ಬೆಟ್ಟು ಒತ್ತಲಿ ಎಂದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಒಳಗೆ ಬಂದು ಚಾಪೆಯ ಅಂಚಿಗೆ ಕೂತಳು.

"ಸಾರ್, ನೀವು ಓದಿದೋರು. ಇಬ್ರೂ ಒಬ್ರೇ ಅಂತ ಸ್ಟಾಂಪ್ ಪೇಪರ್‌ನಾಗ ಬರದ್ರ, ಪಹಣಿಯಾಗ ಇರೋ ಹುಲುಗಪ್ಪ ಯಾರಾಕ್ಕಾನ್ರಿ? ನಾಳಿ ಹೊಲ ಯಾರ್ದು? ರೇಷನ್ ಕಾರ್ಡಿನಾಗ ನನ್ ಗಂಡ ಅಂತ ಐತಲ್ಲ, ಆ ಹುಲುಗಪ್ಪ ಯಾರ್ರಿ?"

ಆಮೇಲೆ ಮೈದುನನ ಕಡೆ ತಿರುಗಿದಳು. "ನಿನ್ ಮ್ಯಾಲ ಸಂಶ್ಯ ಅಲ್ಲಪ. ನಿನ್ ಮಕ್ಳು ನಾಳಿ ಆ ಕಾಗ್ದ ಹಿಡ್ಕಂಡು ಬಂದ್ರ ನನ್ ಮಕ್ಳು ಎಲ್ಲಿಗೆ ಹೋಗ್ಬೇಕು?"

ಅವಳ ಮಾತಿನಲ್ಲಿಯೂ ಬಿರುಕಿರಲಿಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಬೈದು ಹಗುರಾಗಬಹುದಿತ್ತು. "ಅತ್ತಿಗಿ ಅನ್ನೋದು ಖರೆ ಐತ್ರಿ," ಎಂದು ಗಾದಿಲಿಂಗನೇ ಮೊದಲು ಎದ್ದ. ಆಕೆ ಊಟ ಮಾಡಿಸದೆ ಕಳಿಸಲಿಲ್ಲ.

ಗಡುವು ಮುಗಿಯಿತು. ಆಫರ್ ಹಿಂತೆಗೆದುಕೊಂಡಿದ್ದೇವೆ, ವಿಷಾದಿಸುತ್ತೇವೆ ಎಂದು ಕಂಪನಿ ಬರೆಯಿತು. ಅದನ್ನೂ ನಾನೇ ಓದಿ ಹೇಳಿದೆ. ವಿಷಾದ ಎಂಬುದನ್ನು ಎಷ್ಟು ನಿಧಾನವಾಗಿ ಹೇಳಿದರೂ ಅದು ಪರ್ಮಿಟ್ ಆಗುವುದಿಲ್ಲ.

ಮೊನ್ನೆ ಬೆಳಗ್ಗೆ ಹಾಲಿಗೆ ಹೋದಾಗ ಅವನು ಓಣಿಯ ತುದಿಯಲ್ಲಿ ಗಣಿಯ ಜೀಪಿಗೆ ಕಾಯುತ್ತಿದ್ದ. ಮೂಗಿಗೆ ಟವೆಲ್ ಸುತ್ತಿಕೊಂಡಿದ್ದ. ಏನು ಹೇಳಬೇಕೆಂದು ತಿಳಿಯದೆ, ಗುಡ್ಡದ ಮೇಲೆ ಹುಷಾರಪ್ಪ ಎಂದೆ. ಜೀಪು ಬಂತು. ಹತ್ತುವ ಮುಂಚೆ ಅವನು ಟವೆಲ್ ಸರಿಸಿ, ನನಗೆ ಗೊತ್ತಿರಬಹುದು ಎಂಬಂತೆ ಕೇಳಿದ:

"ಸಾರ್, ನಾಳಿ ಗುಡ್ಡ ಕುಸ್ದು ನಾ ಸತ್ರ, ಸತ್ತೋನು ಯಾರು ಅಂತ ಬರೀತಾರ್ರಿ?"